ಕೊಳೆ ಔಷಧಿಗೆ ಹೊಳವು ಹುಡುಕುವ ಕೆಲಸ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಾದ ನಮಗೆ ಆಷಾಢದಲ್ಲಿ ಮಳೆ ಬರುತ್ತದೆಯೇ ಎಂಬುದು ಪ್ರಶ್ನೆಯೇ ಅಲ್ಲ. ಅದು ಯಾವಾಗ, ಎಷ್ಟು ಹೊತ್ತು ಹೊಳವಾಗುತ್ತದೆ, ಅಂದರೆ ಬಿಡುವು ಕೊಡುತ್ತದೆ ಎಂಬುದೇ ಪ್ರಶ್ನೆ. ಅಡಿಕೆಕಾಯಿಗಳನ್ನು ಕೊಳೆಸಿ ಉದುರಿಸುವ ಕೊಳೆರೋಗ ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40–45 ದಿನಗಳಿಗೆ ಮತ್ತೊಮ್ಮೆ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಹೊಡೆಯಬೇಕು. ಮೊದಲನೆಯದಕ್ಕೆ ಹೆಚ್ಚು ತೊಂದರೆಯಿಲ್ಲ. ಎರಡನೆಯದು ಪುನರ್ವಸು, ಪುಷ್ಯ ಮಳೆಗಳ ನಡುವೆ ಬರುತ್ತದೆ. ಆಗ ಮರ ಹತ್ತುವವರು ಸಿಗುವುದು ಒಂದು ಕಷ್ಟವಾದರೆ, ಕೊನೆ ಒಣಗಿದ್ದು ಔಷಧಿ ಹಿಡಿದುಕೊಳ್ಳುವಷ್ಟು ಹೊತ್ತು ಮಳೆ ನಿಲ್ಲುವುದು ಇನ್ನೊಂದು ಕಷ್ಟ. ಆ ಕೆಲವು ಗಂಟೆಗಳನ್ನು ಮುಂಚಿತವಾಗಿ ಗುರುತಿಸಲು ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಆರಂಭವಾಗಿದ್ದು ಮಳೆಮಾಪಕದಿಂದ. ಗಿಡಮರಗಳ ಎತ್ತರದ ಎರಡು ಪಟ್ಟಾದರೂ ದೂರವಿರುವ ಬಯಲು ಜಾಗದಲ್ಲಿ ಅದನ್ನು ನಿಲ್ಲಿಸಿ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ 8.30ಕ್ಕೆ, ದಿನವೂ ಅಳೆದು ಬರೆದಿಡುತ್ತೇನೆ. ಹೊತ್ತು ಒಂದೇ ಆಗಿರದಿದ್ದರೆ ಇಲಾಖೆಯ ಅಂಕಿಗಳೊಡನೆ ನಮ್ಮ ಅಂಕಿಯನ್ನು ಹೋಲಿಸಲು ಬರುವುದಿಲ್ಲ. ಅಂಕಿಯ ಪಕ್ಕದಲ್ಲಿ ಹಿಂದಿನ ದಿನದ ಮುನ್ಸೂಚನೆ ಏನಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸಿತು, ಮೋಡ ಹೇಗಿತ್ತು ಎಂಬ ಒಂದೆರಡು ಸಾಲುಗಳನ್ನೂ ಬರೆಯುತ್ತೇನೆ. ಈ ಸಾಲುಗಳಿಲ್ಲದ ಬರಿಯ ಅಂಕಿ ನನಗೆ ಅಷ್ಟು ಉಪಯೋಗಕ್ಕೆ ಬಂದಿಲ್ಲ.

ಉತ್ತರ ಕನ್ನಡಕ್ಕೆ ಆರೆಂಜ್ ಅಲರ್ಟ್ ಎಂದರೆ ಅದು ಕಾರವಾರ, ಭಟ್ಕಳದ ಕಡಲತೀರಕ್ಕೂ ಘಟ್ಟದ ಮೇಲಿನ ಶಿರಸಿಗೂ ಬಯಲುಸೀಮೆಗೆ ಹತ್ತಿರದ ಮುಂಡಗೋಡಕ್ಕೂ ಕೊಟ್ಟ ಒಂದೇ ಬಣ್ಣ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ ಮಳೆ. ಅರಬ್ಬೀ ಸಮುದ್ರದ ತೇವಗಾಳಿ ಘಟ್ಟಕ್ಕೆ ತಾಗಿ ಮೇಲೇರುವಲ್ಲಿ ಮಳೆ ಹೆಚ್ಚು ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಹೀಗಾಗಿ ದೇವಿಮನೆ ಘಾಟಿಯ ಅಂಚಿನಲ್ಲಿ ಬೀಳುವ ಮಳೆಗೂ ಬನವಾಸಿಯಲ್ಲಿ ಬೀಳುವ ಮಳೆಗೂ ತಾಳೆಯಿಲ್ಲ. ಜಿಲ್ಲೆಯ ಮುನ್ಸೂಚನೆಯನ್ನು ನಮ್ಮ ತೋಟದ ಮುನ್ಸೂಚನೆಯಾಗಿ ಮಾಡಿಕೊಳ್ಳುವ ಹೊಣೆ ನಮ್ಮದೇ, ಅದಕ್ಕೆ ಬೇಕಾದ ಆಧಾರ ನಮ್ಮ ದಾಖಲೆಯಲ್ಲೇ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 2025ರ ಮೇ ತಿಂಗಳಿನಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ಮುನ್ಸೂಚನೆ ಲೆಕ್ಕಹಾಕುವ ಚೌಕದ ಅಳತೆಯನ್ನು 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಸಿರುವುದು ಸಂತೋಷದ ಸಂಗತಿ. ಆದರೂ 6 ಕಿ.ಮೀ. ಒಳಗೆ ನಮ್ಮಲ್ಲಿ ಎಷ್ಟೋ ಗುಡ್ಡ, ಎಷ್ಟೋ ಕಣಿವೆಗಳಿವೆ.

ಮೋಡಗಳನ್ನು ಓದುವುದಕ್ಕೆ ಮೊದಲು ಎರಡು ಬಗೆಯ ಮಳೆಯನ್ನು ಬೇರ್ಪಡಿಸಿಕೊಳ್ಳಬೇಕು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಮೋಡ ಮಧ್ಯಾಹ್ನದ ಬಿಸಿಲಿಗೆ ನೆಟ್ಟಗೆ ಬೆಳೆದು, ತುದಿಯಲ್ಲಿ ಹಿಮಕಣಗಳಾಗಿ ಹರಡಿಕೊಳ್ಳುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಮೂಡಲಿನಿಂದ ಬರುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರು ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಆದರೆ ಆಷಾಢದ ಮೋಡ ಬೇರೆಯೇ ಜಾತಿಯದು. ಅದು ಪಡುವಲಿನಿಂದ ಗುಡ್ಡದ ನೆತ್ತಿ ಸವರಿಕೊಂಡು ಬರುತ್ತದೆ, ಹೆಚ್ಚು ಎತ್ತರಕ್ಕೆ ಏರುವುದಿಲ್ಲ, ಗುಡುಗುವುದೂ ಅಪರೂಪ. ಹಿಮವಾಗದೆಯೇ ಅದರೊಳಗಿನ ಸಣ್ಣ ಹನಿಗಳು ಒಂದಕ್ಕೊಂದು ತಾಗಿ ಕೂಡಿಕೊಂಡು ಮಳೆಯಾಗುತ್ತವೆ. ಒಂದು ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಸೇರಬೇಕು.

ಈ ವ್ಯತ್ಯಾಸ ತಿಳಿಯದೆ ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡುವವರು ಮೋಸಹೋಗುವುದನ್ನು ಕಂಡಿದ್ದೇನೆ. ಇನ್ಸಾಟ್ ಉಪಗ್ರಹಗಳ ಅವಗೆಂಪು (ಇನ್‌ಫ್ರಾರೆಡ್) ಚಿತ್ರದಲ್ಲಿ ಬೆಳ್ಳಗೆ ಕಾಣುವುದು ತುದಿ ತಣ್ಣಗಿರುವ ಎತ್ತರದ ಮೋಡ. ನಮ್ಮ ಮುಂಗಾರಿನ ಕೆಳಮೋಡ ಅದರಲ್ಲಿ ಮಂಕಾದ ಬೂದು ಬಣ್ಣದ್ದಾಗಿ ಕಾಣುತ್ತದೆ. ಅಂಗಳದಲ್ಲಿ ಮಾತ್ರ ಮಳೆ ಧೋ ಎನ್ನುತ್ತಿರುತ್ತದೆ. ಗೋವಾದ ರೇಡಾರ್ ಕಿರಣವೂ ಶಿರಸಿಯ ದೂರಕ್ಕೆ ಬರುವಷ್ಟರಲ್ಲಿ ಎರಡು ಕಿಲೋಮೀಟರಿಗೂ ಮೇಲಕ್ಕೆ ಹೋಗಿರುವುದರಿಂದ ಈ ಮೋಡಗಳನ್ನು ಪೂರ್ತಿಯಾಗಿ ಹಿಡಿಯಲಾರದು. ಬೇಸಿಗೆಯ ಗುಡುಗುಮಳೆಗೆ ಇವೆರಡೂ ಬಹಳ ನೆರವಾಗುತ್ತವೆ. ಎರಡನೆಯ ಔಷಧಿಗೆ ನಾನು ಇವುಗಳನ್ನು ನೆಚ್ಚುವುದಿಲ್ಲ.

ಅದಕ್ಕೆ ಬದಲಾಗಿ ನೋಡುವುದು ಒಡಿಶಾದ ಕಡೆಗೆ. ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ವಾಯುಭಾರ ಕುಸಿತ ಉಂಟಾದರೆ ಅರಬ್ಬೀ ಸಮುದ್ರದ ಪಡುವಣ ಗಾಳಿ ಬಲಗೊಂಡು ಒಂದೆರಡು ದಿನಗಳಲ್ಲಿ ನಮ್ಮ ಘಟ್ಟದಲ್ಲಿ ಮಳೆ ಜೋರಾಗುತ್ತದೆ. ಮುಂಗಾರಿನ ದ್ರೋಣಿ, ಅಂದರೆ ಉತ್ತರ ಭಾರತದುದ್ದಕ್ಕೂ ಚಾಚಿದ ಕಡಿಮೆ ಒತ್ತಡದ ಪಟ್ಟಿ, ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ತಾಗಿಕೊಂಡರೆ ಇಲ್ಲಿ ಮಳೆ ಸಡಿಲಾಗುತ್ತದೆ. ಇಲಾಖೆಯ ದಿನದ ವರದಿಯಲ್ಲಿ ಇವೆರಡನ್ನೂ, ಕರಾವಳಿಯುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿ ಇದೆಯೇ ಎಂಬುದನ್ನೂ, ಸುಮಾರು 1.5 ಕಿ.ಮೀ. ಎತ್ತರದ ಗಾಳಿಯ ನಕ್ಷೆಯನ್ನೂ ನೋಡುತ್ತೇನೆ. ಗುರುವಾರ ಬರುವ ವಿಸ್ತೃತ ಅವಧಿಯ ಮುನ್ನೋಟದಿಂದ ವಾರ ಗೊತ್ತುಮಾಡಿಕೊಂಡು, ಮಂಗಳವಾರ, ಶುಕ್ರವಾರಗಳ ಕೃಷಿ ಹವಾಮಾನ ಸಲಹೆಯಿಂದ ದಿನ ಗೊತ್ತುಮಾಡಿಕೊಂಡು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಎರಡು ದಿನ ಮೊದಲೇ ಹೇಳಿಕಳಿಸುತ್ತೇನೆ.

ಕೊನೆಯ ತೀರ್ಮಾನ ಮಾತ್ರ ಬೆಳಿಗ್ಗೆ ಆಕಾಶ ನೋಡಿಯೇ. ಬೋರ್ಡೋ ದ್ರಾವಣ ಮಾಡಿದ ದಿನವೇ ಮುಗಿಯಬೇಕಾದ್ದರಿಂದ ಹೊಳವು ಖಚಿತವಾಗುವ ಮೊದಲು ಅವಸರಪಟ್ಟು ಸುಣ್ಣ ಕಲಸುವುದಿಲ್ಲ. ಪಡುವಣ ಗುಡ್ಡದ ನೆತ್ತಿ ಬಿಚ್ಚಿಕೊಂಡಿರಬೇಕು, ಕೆಳಮೋಡದ ಓಟ ನಿಧಾನವಾಗಿರಬೇಕು, ಮೋಡದ ಸಂದಿಯಲ್ಲಿ ಮೇಲಿನ ನೀಲಿ ಕಾಣಬೇಕು. ಮೂರೂ ಕೂಡಿಬಂದರೆ ಮೊದಲು ಒಂದು ಡ್ರಮ್ಮು ಔಷಧಿ ಮಾಡಿ, ಪಡುವಣದ ಅಂಚಿನ ಮರಗಳಿಂದ ಹೊಡೆಸಲು ಶುರುಮಾಡುತ್ತೇನೆ. ಗುಡ್ಡದ ನೆತ್ತಿ ಮತ್ತೆ ಮುಚ್ಚಿಕೊಳ್ಳತೊಡಗಿದರೆ ಎರಡನೆಯ ಡ್ರಮ್ಮಿಗೆ ಕೈಹಾಕುವುದಿಲ್ಲ.