ಆರ್‌ಟಿಇ ಸೀಟು ಬೇಕಾ? ಮೊದಲು ವಾರ್ಡ್ ನೋಡಿ, ಆಮೇಲೆ ಶಾಲೆ

ಬೇಸಿಗೆ ಬಂತೆಂದರೆ ಸೈಬರ್ ಸೆಂಟರ್‌ಗಳ ಮುಂದೆ 'ಆರ್‌ಟಿಇ ಅರ್ಜಿ ಹಾಕಿಕೊಡಲಾಗುವುದು' ಅನ್ನೋ ಬೋರ್ಡ್ ನೇತಾಡುತ್ತದೆ. ದುಡ್ಡು ಕೊಟ್ಟು ಅರ್ಜಿ ಹಾಕುವ ಮುಂಚೆ ಒಂದು ವಿಷಯ ಗೊತ್ತಿರಲಿ. ನಿಮ್ಮ ಏರಿಯಾದಲ್ಲಿ ಆರ್‌ಟಿಇ ಸೀಟು ಇರುವ ಖಾಸಗಿ ಶಾಲೆ ಒಂದೂ ಇಲ್ಲದಿರಬಹುದು.

ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ. ಅದು ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಅದರ 12ನೇ ಸೆಕ್ಷನ್ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು, ಫೀಸನ್ನು ಸರ್ಕಾರ ಶಾಲೆಗೆ ಕಟ್ಟಿಕೊಡುತ್ತದೆ. ಕರ್ನಾಟಕದಲ್ಲಿ ಇದು 2012-13ರಿಂದ ಶುರುವಾಯಿತು. ಒಂದು ಕಾಲಕ್ಕೆ ವರ್ಷಕ್ಕೆ ಲಕ್ಷಕ್ಕೂ ಜಾಸ್ತಿ ಸೀಟು ಸಿಗುತ್ತಿದ್ದವು. 2019ರಲ್ಲಿ ಸರ್ಕಾರ ನಿಯಮ ಬದಲಾಯಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ಅದೇ ವರ್ಷ ಹೈಕೋರ್ಟ್ ಕೂಡ ಇದನ್ನು ಒಪ್ಪಿತು. ಸರ್ಕಾರಿ ಶಾಲೆ ಉಳಿಯಬೇಕು ಎನ್ನುವ ವಾದ ನನಗೂ ಒಪ್ಪಿಗೆಯೇ, ಆದರೆ ಆ ಶಾಲೆಯಲ್ಲಿ ಸಾಕಷ್ಟು ಟೀಚರ್ ಇದ್ದಾರಾ ಎಂದು ಈ ನಿಯಮ ಕೇಳುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆ: ಶಾಲಾ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಆ ವರ್ಷದ ಶಾಲೆಗಳ ಪಟ್ಟಿ ತೆಗೆದು ನಿಮ್ಮ ವಾರ್ಡ್ ಅಥವಾ ಹಳ್ಳಿಯ ಹೆಸರು ಹುಡುಕಿ. ಇಂಟರ್ನೆಟ್ ಗೊತ್ತಾಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಕೇಳಿ. ಅಲ್ಪಸಂಖ್ಯಾತರ ಅನುದಾನರಹಿತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಹೀಗಾಗಿ ಎಷ್ಟೋ ಜನ ಆಸೆ ಇಟ್ಟುಕೊಳ್ಳುವ, ಕ್ರೈಸ್ತ ಸಂಸ್ಥೆಗಳ ಕಾನ್ವೆಂಟುಗಳು ಪಟ್ಟಿಯಲ್ಲಿ ಇರುವುದಿಲ್ಲ. ಇದು ಗೊತ್ತಿಲ್ಲದೆ ಸುಮ್ನೆ ಓಡಾಡುವವರು ಜಾಸ್ತಿ.

ಪಟ್ಟಿಯಲ್ಲಿ ಶಾಲೆ ಇದೆಯಾ? ಹಾಗಾದರೆ ಆಧಾರ್ ಕಾರ್ಡ್ ಕೈಗೆ ತೆಗೆದುಕೊಂಡು ವಿಳಾಸ ಓದಿ, ನೀವು ಅದೇ ವಾರ್ಡ್ ಅಥವಾ ಹಳ್ಳಿಯವರು ಎಂದು ತೋರಿಸಬೇಕು. ನಿಜವಾದ ತಲೆನೋವು ಇಲ್ಲೇ ಇರುವುದು. ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಕುಟುಂಬ ನಗರದಲ್ಲಿ ವರ್ಷಗಟ್ಟಲೆ ಬಾಡಿಗೆಗೆ ಇದ್ದರೂ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುತ್ತದೆ. ಹಾಗಿದ್ದರೆ ಬೆಂಗಳೂರಿನ ವಾರ್ಡಿನವರು ಎಂದು ತೋರಿಸುವುದು ಕಷ್ಟ. ವಿಳಾಸ ತಿದ್ದಿಸಲು ಸಮಯ ಹಿಡಿಯುತ್ತದೆ, ಅರ್ಜಿ ಕರೆಯುವ ಮುಂಚೆಯೇ ಮುಗಿಸಿಕೊಳ್ಳಿ.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಕೊಟ್ಟರೆ ಆಯಿತು. ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ಉದ್ದ ನಂಬರ್ ಇರುತ್ತದೆ, ಆನ್‌ಲೈನ್ ಅರ್ಜಿ ಕೇಳುವುದು ಅದನ್ನೇ. ಆದಾಯದ್ದು 5 ವರ್ಷಕ್ಕೆ ಮಾತ್ರ ಚಾಲ್ತಿ, ಹಳೆಯದಾದರೆ ದಿನಾಂಕ ನೋಡಿ. ಹೆಸರೂ ನೋಡಿ: ಆಧಾರ್‌ನಲ್ಲಿ 'ಮಂಜುನಾಥ ಎಂ' ಅಂತಿದ್ದು ಪ್ರಮಾಣಪತ್ರದಲ್ಲಿ 'ಎಂ ಮಂಜುನಾಥ್' ಅಂತಿದ್ದರೆ ಮನೆಯವರಿಗೆ ಇಬ್ಬರೂ ಒಬ್ಬರೇ, ಕಂಪ್ಯೂಟರ್‌ಗೆ ಅಲ್ಲ. ಮಗುವಿನ ಜನನ ಪ್ರಮಾಣಪತ್ರವೂ ಜೊತೆಗಿರಲಿ. ವಯಸ್ಸಿನ ಮಿತಿ, ಆದಾಯದ ಮಿತಿ ಎರಡನ್ನೂ ಆ ವರ್ಷದ ಸುತ್ತೋಲೆಯಲ್ಲೇ ಓದಿ, ಹೋದ ವರ್ಷ ಅರ್ಜಿ ಹಾಕಿದ ಪಕ್ಕದ ಮನೆಯವರ ಮಾತು ನಂಬಬೇಡಿ.

ಅರ್ಜಿ ತುಂಬುವಾಗ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಸೀಟು ಸಿಕ್ಕ ಮೆಸೇಜು ಬರುವುದು ಅದಕ್ಕೇ. ಸೈಬರ್ ಸೆಂಟರ್‌ನವರ ನಂಬರ್ ಹಾಕಿದ್ದರೆ ನಿಮಗೆ ಗೊತ್ತಾಗುವ ಹೊತ್ತಿಗೆ ಕೊನೆಯ ದಿನವೇ ಕಳೆದಿರಬಹುದು. ಶೇ 25ರಲ್ಲಿ 7.5 ಪರಿಶಿಷ್ಟ ಜಾತಿಗೆ, 1.5 ಪರಿಶಿಷ್ಟ ಪಂಗಡಕ್ಕೆ, ಉಳಿದ 16 ಬೇರೆಯವರಿಗೆ. ಅರ್ಜಿ ಜಾಸ್ತಿ ಬಂದರೆ ಕಂಪ್ಯೂಟರ್ ಲಾಟರಿ ಎತ್ತುತ್ತದೆ, ಅಲ್ಲಿ ಶಾಸಕರ ಲೆಟರ್ ನಡೆಯುವುದಿಲ್ಲ. 'ಸೀಟು ಮಾಡಿಸಿಕೊಡ್ತೀನಿ' ಎಂದು ದುಡ್ಡು ಕೇಳುವವರನ್ನು ಬಾಗಿಲಿನಿಂದಲೇ ಕಳಿಸಿ.

ಸೀಟು ಬಂತು ಅನ್ನಿ. ಕೊಟ್ಟ ದಿನಾಂಕದೊಳಗೆ ಶಾಲೆಗೆ ಹೋಗಿ ದಾಖಲು ಮಾಡಿಸಿ, ಇಲ್ಲದಿದ್ದರೆ ಸೀಟು ಕೈ ತಪ್ಪುತ್ತದೆ. ಡೊನೇಷನ್ ಕೇಳುವುದಾಗಲಿ, ಮಗುವಿಗೋ ನಿಮಗೋ ಪರೀಕ್ಷೆ ಇಡುವುದಾಗಲಿ ಕಾನೂನಿಗೆ ವಿರುದ್ಧ. ಡೊನೇಷನ್ ಪಡೆದರೆ ಅದರ 10 ಪಟ್ಟಿನವರೆಗೆ ದಂಡ, ಪರೀಕ್ಷೆ ಇಟ್ಟರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ. ಆದರೂ ಕೆಲವು ಶಾಲೆಗಳು 'ಆಕ್ಟಿವಿಟಿ ಫೀಸು', 'ಸ್ಮಾರ್ಟ್ ಕ್ಲಾಸ್ ಫೀಸು' ಅಂತ ಬೇರೆ ಬೇರೆ ಹೆಸರಲ್ಲಿ ಕೇಳುತ್ತವೆ. ಸರ್ಕಾರ ಕೊಡುವ ದುಡ್ಡು ಸಾಲದು, ಅದೂ ತಡವಾಗಿ ಬರುತ್ತದೆ ಎನ್ನುವುದು ಅವರ ಗೋಳು, ಅದರಲ್ಲಿ ಸುಳ್ಳೂ ಇಲ್ಲ. ಆದರೆ ಅದು ಸರ್ಕಾರ ಮತ್ತು ಶಾಲೆಯ ನಡುವಿನ ಲೆಕ್ಕ, ನಿಮ್ಮದಲ್ಲ ಅಲ್ವಾ? ಕೇಳಿದ್ದನ್ನು ಬರೆದುಕೊಡಿ ಅನ್ನಿ, ಕಟ್ಟಿದರೆ ರಸೀದಿ ಪಡೆಯಿರಿ, ಅದನ್ನೇ ಹಿಡಿದುಕೊಂಡು ಬಿಇಒಗೆ ಲಿಖಿತ ದೂರು ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ.

ಇನ್ನೊಂದು ವಿಷಯ, ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಕಾಯ್ದೆ ನಡೆಯುವುದು 8ನೇ ತರಗತಿವರೆಗೆ ಮಾತ್ರ. 9ಕ್ಕೆ ಕಾಲಿಟ್ಟ ಕೂಡಲೇ ಪೂರ್ತಿ ಫೀಸು ಕೇಳಬಹುದು. ಮಗು 8ರಲ್ಲಿರುವಾಗ ಜನವರಿಯಲ್ಲೇ ಶಾಲೆಯ ಆಫೀಸಿಗೆ ಹೋಗಿ ಮುಂದಿನ ವರ್ಷ ಎಷ್ಟಾಗುತ್ತದೆ ಎಂದು ಕೇಳಿ. ಕೈಗೆಟುಕದಿದ್ದರೆ ಹತ್ತಿರದ ಸರ್ಕಾರಿ ಪ್ರೌಢಶಾಲೆ ನೋಡಿ, ಟಿಸಿ ತೆಗೆದುಕೊಳ್ಳುವುದಕ್ಕೆ ಆಗ ಸಮಯ ಇರುತ್ತದೆ.