ಫಿಲ್ಮೋ ಡಿಜಿಟಲ್ಲೋ? ಮೊದಲು ಸ್ಕ್ಯಾನರನ್ನು ಅನುಮಾನಿಸಿ

ಫಿಲ್ಮಿನ ಚಿತ್ರ ಮಂಕು, ಡಿಜಿಟಲ್ ಚಿತ್ರ ಚೂಪು ಎಂದು ತೀರ್ಪು ಕೊಡುವವರು ಎಷ್ಟೋ ಸಲ ಹೋಲಿಸಿರುವುದು ಕ್ಯಾಮೆರಾಗಳನ್ನಲ್ಲ. ಒಂದು ಕಡೆ ಡಿಜಿಟಲ್ ಕ್ಯಾಮೆರಾದ ಒಳ್ಳೆಯ ಸೆನ್ಸರ್, ಇನ್ನೊಂದು ಕಡೆ ಫಿಲ್ಮನ್ನು ಕಂಪ್ಯೂಟರಿಗೆ ಇಳಿಸಿದ ಅಗ್ಗದ ಸ್ಕ್ಯಾನರ್. ಸರಿಯಾಗಿ ಹೋಲಿಸಬೇಕಾದರೆ ಫಿಲ್ಮ್ ಮತ್ತು ಸೆನ್ಸರ್ ಬಿಟ್ಟು ಉಳಿದೆಲ್ಲವೂ ಒಂದೇ ಆಗಿರಬೇಕು.

ಲೆನ್ಸ್: 35 ಎಂಎಂ ಫಿಲ್ಮಿನ ಚೌಕಟ್ಟು 36×24 ಮಿ.ಮೀ. ಫುಲ್ ಫ್ರೇಮ್ ಸೆನ್ಸರಿನ ಅಳತೆಯೂ ಅಷ್ಟೇ. ಆದ್ದರಿಂದ ಎರಡೂ ಕ್ಯಾಮೆರಾಗಳಿಗೆ ಕೂರುವ ಒಂದೇ 50 ಎಂಎಂ ಲೆನ್ಸ್ ಸಾಕು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಚಿಕ್ಕದಾಗಿದ್ದರೆ ಅಷ್ಟೇ ದೃಶ್ಯ ಹಿಡಿಯಲು ಬೇರೆ ಲೆನ್ಸ್ ಬೇಕಾಗುತ್ತದೆ. ಆಗ ಪರೀಕ್ಷೆ ಲೆನ್ಸಿನದ್ದಾಗಿಬಿಡುತ್ತದೆ.

ದೃಶ್ಯ: ಕನ್ನಡ ಪತ್ರಿಕೆಯ ಒಂದು ಪುಟವನ್ನು ಸುಕ್ಕಿಲ್ಲದಂತೆ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಮಡಿಕೆಬಿದ್ದ ಕಪ್ಪು ಬಟ್ಟೆ, ಬಿಳಿ ಟವೆಲ್ಲು ತೂಗುಹಾಕಿ. ಕ್ಯಾಮೆರಾ ಗೋಡೆಗೆ ನೇರವಾಗಿ, 2 ಮೀಟರ್ ದೂರದಲ್ಲಿರಲಿ. ದುಬಾರಿ ಟೆಸ್ಟ್ ಚಾರ್ಟ್ ಬೇಕಿಲ್ಲ, ನಮ್ಮ ಲಿಪಿಯೇ ಅದು. 'ಪ'ಕ್ಕೂ 'ಷ'ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. 'ದ', 'ಧ'ಗಳದ್ದು ಕೆಳಗಿನ ಒಂದು ಸೀಳು. ತಲೆಬರಹದಿಂದ ಸಣ್ಣಕ್ಷರದತ್ತ ಇಳಿಯುತ್ತ, ಯಾವ ಗಾತ್ರದಲ್ಲಿ 'ಷ' ಹೋಗಿ 'ಪ' ಆಗುತ್ತದೆ ಎಂದು ಗುರುತಿಸಿ. ಅದೇ ಆ ಚಿತ್ರದ ಸ್ಪಷ್ಟತೆಯ ಮಿತಿ.

ಕ್ಲಿಕ್ಕಿಸುವುದು: ಟ್ರೈಪಾಡ್, ಲೆನ್ಸಿನ ಕಂಡಿ ಎಫ್/8, ಎರಡಕ್ಕೂ ಐಎಸ್‌ಒ 100 (ಬೆಳಕಿಗೆ ಸ್ಪಂದಿಸುವ ಮಟ್ಟ), ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಕ್ಲಿಕ್ಕಿಸುವ ತಂತಿ). ಶಟರ್ 1/125 ಸೆಕೆಂಡಿನ ಆಸುಪಾಸಿನಲ್ಲಿರಲಿ. 1/15ರಿಂದ 1/4ರವರೆಗಿನ ವೇಗದಲ್ಲಿ ಕ್ಯಾಮೆರಾದೊಳಗಿನ ಕನ್ನಡಿ ಏಳುವ ಹೊಡೆತಕ್ಕೇ ಚಿತ್ರ ಅಲುಗುತ್ತದೆ. ತೀರಾ ಹೆಚ್ಚಿನ ವೇಗಗಳಲ್ಲಿ ಹಳೆಯ ಮೆಕ್ಯಾನಿಕಲ್ ಶಟರನ್ನು ನಂಬುವಂತಿಲ್ಲ. ಡಿಜಿಟಲ್ಲಿನಲ್ಲಿ ಲೈವ್ ವ್ಯೂ ಹಿಗ್ಗಿಸಿ ಫೋಕಸ್ ಮಾಡಬಹುದು, ಫಿಲ್ಮಿನಲ್ಲಿ ಆ ಸೌಕರ್ಯವಿಲ್ಲ. ಹಾಗಾಗಿ ಪ್ರತಿ ಸಲವೂ ಹೊಸದಾಗಿ ಫೋಕಸ್ ಮಾಡಿ ಮೂರು ಫ್ರೇಮ್ ತೆಗೆದು, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ.

ಬೆಳಕಿನ ಮೀಟರ್ ತೋರಿಸಿದ್ದು ಒಂದು, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಹೆಚ್ಚು ಮತ್ತು ಕಡಿಮೆ ಮಾಡಿದ್ದು ಒಂದೊಂದು, ಇಷ್ಟನ್ನೂ ಎರಡರಲ್ಲೂ ತೆಗೆಯಿರಿ. ಸ್ವಾರಸ್ಯ ಇರುವುದು ಇಲ್ಲೇ. ಎರಡು ಸ್ಟಾಪ್ ಹೆಚ್ಚಾದರೆ ಡಿಜಿಟಲ್ಲಿನಲ್ಲಿ ಟವೆಲ್ಲಿನ ನೂಲು ಮಾಯವಾಗಿ ಬರೀ ಬಿಳುಪು ಉಳಿಯಬಹುದು. ಕಲರ್ ನೆಗೆಟಿವ್ ಅಷ್ಟನ್ನು ಆರಾಮವಾಗಿ ತಾಳಿಕೊಳ್ಳುತ್ತದೆ. ಎರಡು ಸ್ಟಾಪ್ ಕಡಿಮೆಯಾದರೆ ಆಟ ತಿರುವುಮುರುವು. ನೆಗೆಟಿವ್‌ನಲ್ಲಿ ಕಪ್ಪು ಬಟ್ಟೆಯ ಮಡಿಕೆಗಳು ಗ್ರೇನ್ (ಫಿಲ್ಮಿನ ಕಾಳುಕಾಳು) ತುಂಬಿದ ಕೆಸರಾಗುತ್ತವೆ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ನೆರಳನ್ನು ಎತ್ತಿದರೆ ಮಡಿಕೆಗಳು ಮೇಲೆ ಬರುತ್ತವೆ. ಫಿಲ್ಮಿನಲ್ಲಿ ನೆರಳಿಗೆ, ಡಿಜಿಟಲ್ಲಿನಲ್ಲಿ ಬೆಳಕಿಗೆ ಅಳತೆ ಹಿಡಿಯಬೇಕು ಅನ್ನುವುದು ಇದಕ್ಕೇ. ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲದೆ ನೇರ ಬಣ್ಣದ ಚಿತ್ರವನ್ನೇ ಕೊಡುವ ಫಿಲ್ಮ್) ಮಾತ್ರ ಈ ವಿಷಯದಲ್ಲಿ ಡಿಜಿಟಲ್ಲಿನ ಪಕ್ಷ. ಅರ್ಧ ಸ್ಟಾಪ್ ತಪ್ಪಿದರೂ ಮುನಿಸಿಕೊಳ್ಳುತ್ತದೆ.

ಸ್ಕ್ಯಾನ್: 4000 ಡಿಪಿಐನಲ್ಲಿ (ಇಂಚಿಗೆ 4000 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸುಮಾರು 5669×3780, ಅಂದರೆ 21 ಮೆಗಾಪಿಕ್ಸೆಲ್ ಸಿಗುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರಿನ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಬೇಡಿ, ನಿಜವಾದ ವಿವರ ಅದಕ್ಕಿಂತ ಬಹಳ ಕಡಿಮೆ. ಅನುಮಾನವಿದ್ದರೆ ನೆಗೆಟಿವನ್ನೇ 40 ಪಟ್ಟು ಹಿಗ್ಗಿಸುವ ಮೈಕ್ರೋಸ್ಕೋಪಿನಡಿ ಇಡಿ. ಅಲ್ಲಿ 'ಷ'ದ ಗೀಟು ಕಂಡು ಸ್ಕ್ಯಾನಿನಲ್ಲಿ ಕಾಣದಿದ್ದರೆ ಕಳೆದುಕೊಂಡದ್ದು ಸ್ಕ್ಯಾನರ್, ಫಿಲ್ಮಲ್ಲ.

ನೋಡುವುದು: ಸ್ಕ್ಯಾನರಿನ ಮತ್ತು ರಾ ಸಾಫ್ಟ್‌ವೇರಿನ ಶಾರ್ಪನಿಂಗ್ ಸೊನ್ನೆಗೆ ತನ್ನಿ. ಪಿಕ್ಸೆಲ್ ಎಣಿಕೆ ಬೇರೆಯಾಗಿರುವಾಗ ಪರದೆಯ ಮೇಲೆ 100% ಹಿಗ್ಗಿಸಿ ಹೋಲಿಸುವುದು ಮೋಸ. ಎರಡನ್ನೂ 5400×3600ಕ್ಕೆ ತಂದು, 300 ಡಿಪಿಐನಲ್ಲಿ 18×12 ಇಂಚಿನ ಪ್ರಿಂಟ್ ಹಾಕಿಸಿ. ಗುರುತನ್ನು ಹಿಂಬದಿಯಲ್ಲಿ ಬರೆದು ಕಲಸಿ, ಬೇರೆಯವರ ಕೈಗೆ ಕೊಡಿ. ಗ್ರೇನ್ ಹುಡುಕಬೇಕಾದದ್ದು ಖಾಲಿ ಗೋಡೆಯ ನಡುಬೂದಿಯಲ್ಲಿ, ನಾಯ್ಸ್ (ಡಿಜಿಟಲ್ ಚಿತ್ರದ ಚುಕ್ಕೆಚುಕ್ಕೆ) ಹುಡುಕಬೇಕಾದದ್ದು ಬಟ್ಟೆಯ ಮಡಿಕೆಯೊಳಗೆ.

ಬಣ್ಣದ ತೀರ್ಪನ್ನು ಮಾತ್ರ ಈ ಪ್ರಿಂಟುಗಳಿಂದ ಕೊಡಬೇಡಿ. ನೆಗೆಟಿವ್‌ನ ಕಿತ್ತಳೆ ಪದರ ಕಳೆದು ಬಣ್ಣ ಕೂರಿಸುವುದು ಸ್ಕ್ಯಾನ್ ಮಾಡುವವರ ಕೈ; ಇಬ್ಬರು ಮಾಡಿದರೆ ಒಂದೇ ರೋಲಿನಿಂದ ಎರಡು ಬಗೆಯ ಬಣ್ಣ ಬರುತ್ತದೆ. ಫಿಲ್ಮಿನದ್ದೇ ಬಣ್ಣ ನೋಡಬೇಕೆಂದರೆ ಸ್ಲೈಡ್ ತೆಗೆದು ಲೈಟ್ ಟೇಬಲ್ ಮೇಲಿಟ್ಟು ನೋಡಿ.