ಸೆರೆಸಿಕ್ಕ ಹಡಗಿನ ಜಾತಕ ಬರೆಯುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳಲು ಹೋದಾಗ ತಿಳಿದವರು ನಂಬರ್ ಪ್ಲೇಟ್ ನೋಡಿ ತೃಪ್ತರಾಗುವುದಿಲ್ಲ. ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ಚಾಸಿಸ್ ನಂಬರ್ ಹುಡುಕುತ್ತಾರೆ. ಪ್ಲೇಟ್ ಬದಲಾಗಬಹುದು, ಬಣ್ಣ ಬದಲಾಗಬಹುದು, ಕಬ್ಬಿಣಕ್ಕೆ ಹೊಡೆದ ನಂಬರ್ ಸುಲಭಕ್ಕೆ ಹೋಗುವುದಿಲ್ಲ.

ಹಾಯಿಹಡಗುಗಳ ಕಾಲದ ಯುದ್ಧನೌಕೆಯ ಕಥೆ ಹುಡುಕುವವರಿಗೂ ಇದೇ ಬುದ್ಧಿ ಬೇಕು. ಆಗ ಶತ್ರುವಿನ ಹಡಗನ್ನು ಮುಳುಗಿಸುವುದಕ್ಕಿಂತ ಹಿಡಿಯುವುದೇ ಲಾಭ. ಹಿಡಿದ ಹಡಗಿಗೆ ಬಾವುಟ ಬದಲು, ಎಷ್ಟೋ ಸಲ ಹೆಸರೂ ಬದಲು, ಸಿಬ್ಬಂದಿ ಪೂರ್ತಿ ಬದಲು. ಮರ ಮಾತ್ರ ಅದೇ. ಆದ್ದರಿಂದ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ.

ಸುಮ್ನೆ ಸೂತ್ರ ಹೇಳುವ ಬದಲು ಒಂದೇ ಹಡಗನ್ನು ಹಿಡಿದುಕೊಂಡು ಹೋಗೋಣ. ಅದು ಫ್ರಾನ್ಸಿನಲ್ಲಿ 'ದುಗೆ-ತ್ರುವಾಂ' ಎಂದು ಹುಟ್ಟಿತು, ಬ್ರಿಟನ್ನಿನಲ್ಲಿ 'ಇಂಪ್ಲಾಕೆಬಲ್' ಎಂದು ಬದುಕಿತು, ಮುಪ್ಪಿನಲ್ಲಿ 'ಫೂದ್ರೊಯಾಂ' ಎನಿಸಿಕೊಂಡಿತು.

ಹೆಜ್ಜೆ 1: ಹುಟ್ಟಿದ ಊರು, ಹುಟ್ಟಿದ ದಿನ

ಹಡಗಿಗೆ ಚಾಸಿಸ್ ನಂಬರ್ ಇಲ್ಲ. ಅದರ ಬದಲು ಕಟ್ಟಿದ ಜಾಗ ಮತ್ತು ನೀರಿಗಿಳಿದ ದಿನವನ್ನು ಒಟ್ಟಿಗೆ ಬರೆದಿಟ್ಟುಕೊಳ್ಳಿ. ನಮ್ಮ ಹಡಗಿಗೆ ಇದು ರೋಶ್‌ಫೋರ್, 1800ರ ಮಾರ್ಚ್ 24. ಮುಂದೆ ಯಾವ ದಾಖಲೆ ಸಿಕ್ಕಿದರೂ ಮೊದಲು ಇದಕ್ಕೆ ತಾಳೆ ಹಾಕಿ.

ಇಲ್ಲೇ ಮೊದಲ ತೊಡಕು. ಫ್ರೆಂಚ್ ಕಾಗದಗಳಲ್ಲಿ ಮಾರ್ಚ್ 24 ಎಂದು ಇರುವುದಿಲ್ಲ. ಕ್ರಾಂತಿಯ ನಂತರ ಫ್ರಾನ್ಸ್ ತನ್ನದೇ ಕ್ಯಾಲೆಂಡರ್ ಮಾಡಿಕೊಂಡಿತ್ತು. ಅದರ ಪ್ರಕಾರ ಈ ದಿನ 8ನೇ ವರ್ಷದ ಜೆರ್ಮಿನಾಲ್ ತಿಂಗಳ 3. ಆ ಕ್ಯಾಲೆಂಡರ್ 1805ರ ಕೊನೆಯವರೆಗೂ ಬಳಕೆಯಲ್ಲಿತ್ತು. ಹಾಗಾಗಿ ಅಲ್ಲಿಯವರೆಗಿನ ಪ್ರತಿ ಫ್ರೆಂಚ್ ತಾರೀಖನ್ನೂ ಬದಲಿಸಿಕೊಳ್ಳಬೇಕು. ಬದಲಿಸುವ ಪಟ್ಟಿಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ.

ಹೆಜ್ಜೆ 2: ಅದೇ ಹೆಸರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ

ಒಂದೇ ಮನೆಯಲ್ಲಿ ಅಜ್ಜನ ಹೆಸರನ್ನು ಮೂವರು ಮೊಮ್ಮಕ್ಕಳಿಗೆ ಇಟ್ಟ ಹಾಗೆ, ನೌಕಾಪಡೆಗಳು ಒಂದೇ ಹೆಸರನ್ನು ಮತ್ತೆ ಮತ್ತೆ ಇಡುತ್ತವೆ. ನೀವು ಹುಡುಕುವುದು ಒಬ್ಬನನ್ನು, ಸಿಗುವುದು ಇನ್ನೊಬ್ಬ.

ದುಗೆ-ತ್ರುವಾಂ 17ನೇ ಶತಮಾನದ ಕೊನೆ, 18ನೆಯದರ ಆರಂಭದಲ್ಲಿ ಬಾಳಿದ ಸೇಂಟ್ ಮಾಲೋ ಬಂದರಿನ ಪ್ರಸಿದ್ಧ ನಾವಿಕ. ಬೇರೆಯವರ ಹಡಗು ಹಿಡಿಯುವುದರಲ್ಲೇ ಹೆಸರು ಮಾಡಿದವನು. ಅವನ ಹೆಸರಿನ ಹಡಗೇ ಕೊನೆಗೆ ಸೆರೆಯಾಯಿತು ನೋಡಿ! ನಮ್ಮದಕ್ಕಿಂತ ಮುಂಚೆ ಇದೇ ಹೆಸರಿನ 74 ಫಿರಂಗಿಯ ಇನ್ನೊಂದು ಹಡಗಿತ್ತು. ಅದು 1793ರಲ್ಲಿ ತೂಲೋನ್ ಬಂದರಿನಲ್ಲಿ ಸುಟ್ಟುಹೋಯಿತು. ಮೂರನೆಯದೊಂದು ಹಿಂದೂ ಮಹಾಸಾಗರದಲ್ಲಿತ್ತು. ಅದು ಮೂಲದಲ್ಲಿ 'ಪ್ರಿನ್ಸೆಸ್ ರಾಯಲ್' ಎಂಬ ಈಸ್ಟ್ ಇಂಡಿಯಾ ಕಂಪನಿ ಹಡಗು. ಫ್ರೆಂಚರು ಹಿಡಿದು ದುಗೆ-ತ್ರುವಾಂ ಎಂದು ಹೆಸರಿಟ್ಟರು, 1794ರಲ್ಲಿ ಬ್ರಿಟಿಷರು ವಾಪಸ್ ಹಿಡಿದರು.

ಮೊದಲ ಸಲ ಟಿಪ್ಪಣಿ ಮಾಡುವಾಗ ನಾನು ಈ ಮೂರನೆಯದರ ಸೆರೆಯನ್ನು ನಮ್ಮ ಹಡಗಿನ ಖಾತೆಗೆ ಬರೆದಿದ್ದೆ. ಹಡಗು ಹುಟ್ಟುವುದಕ್ಕೆ ಆರು ವರ್ಷ ಮುಂಚೆಯೇ ಸೆರೆ! ಹೆಜ್ಜೆ 1ರ ತಾರೀಖು ಇಲ್ಲದಿದ್ದರೆ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹೆಜ್ಜೆ 3: ಸೆರೆಗೆ ಮುಂಚಿನ ಬದುಕು

ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಹಡಗುಗಳ ಕಥೆ ಎಷ್ಟೋ ಸಲ ಹಿಡಿದ ದಿನದಿಂದಲೇ ಶುರುವಾಗುತ್ತದೆ. ಮದುವೆಗೆ ಮುಂಚೆ ಹೆಣ್ಣಿಗೆ ಬದುಕೇ ಇರಲಿಲ್ಲ ಅನ್ನುವ ಹಾಗೆ. ಅದನ್ನು ಒಪ್ಪಬೇಡಿ. ಫ್ರೆಂಚ್ ನೌಕಾಪಡೆಯ ಕಾಗದಗಳು ಪ್ಯಾರಿಸ್ ಪಕ್ಕದ ವ್ಯಾಂಸೆನ್‌ನಲ್ಲಿರುವ ಸೇನಾ ದಾಖಲೆ ಸಂಗ್ರಹದಲ್ಲೂ, ರೋಶ್‌ಫೋರ್‌ನಂಥ ಬಂದರುಗಳ ಶಾಖೆಗಳಲ್ಲೂ ಇವೆ.

ನಮ್ಮ ಹಡಗಿಗೆ ಫ್ರೆಂಚ್ ಬದುಕು ಐದೂವರೆ ವರ್ಷ. ಅಷ್ಟರಲ್ಲೇ ಏನೇನೋ ನಡೆದಿದೆ. 1803ರ ಜುಲೈನಲ್ಲಿ ಕೆರಿಬಿಯನ್‌ನ ಸಾಂ-ದೊಮಿಂಗ್ ದ್ವೀಪದಲ್ಲಿ ಬ್ರಿಟಿಷರು ಹಾಕಿದ್ದ ಮುತ್ತಿಗೆಯಿಂದ ಇದು ತಪ್ಪಿಸಿಕೊಂಡಿತು. ಜೊತೆಗೆ ಹೊರಟಿದ್ದ 'ದ್ಯುಕೆನ್' ಸಿಕ್ಕಿಬಿತ್ತು. ಎರಡು ವರ್ಷದ ನಂತರ, 1805ರ ಅಕ್ಟೋಬರ್ 21ರಂದು, ಬ್ರಿಟಿಷರು ಫ್ರಾನ್ಸ್ ಮತ್ತು ಸ್ಪೇನಿನ ಪಡೆಯನ್ನು ಸೋಲಿಸಿದ ಟ್ರಫಾಲ್ಗರ್ ಕದನದಲ್ಲಿ ಇದು ತನ್ನ ಪಡೆಯ ಸಾಲಿನ ಮುಂಭಾಗದಲ್ಲಿ ಅಡ್ಮಿರಲ್ ದ್ಯುಮನ್ವಾರ್ ಜೊತೆ ಇತ್ತು. ಆ ಗುಂಪು ತಿರುಗಿ ಬರುವಷ್ಟರಲ್ಲಿ ಕದನ ಮುಗಿಯುತ್ತ ಬಂದಿತ್ತು. ಅದರಲ್ಲಿ ನಾಲ್ಕು ಹಡಗುಗಳು ಪಾರಾದವು.

ಹೆಜ್ಜೆ 4: ಸೆರೆಯ ದಿನವನ್ನು ಎರಡೂ ಕಡೆಯಿಂದ ನೋಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೆಯಬೇಕು. ದಾಖಲೆಗಳು ರಾಶಿ ಬೀಳುವುದೇ ಇಲ್ಲಿ.

ಪಾರಾದ ನಾಲ್ಕು ಹಡಗುಗಳಿಗೆ ಎರಡು ವಾರವೂ ನೆಮ್ಮದಿ ಸಿಗಲಿಲ್ಲ. ಬ್ರಿಟಿಷ್ ಅಧಿಕಾರಿ ರಿಚರ್ಡ್ ಸ್ಟ್ರಾಚನ್ ಬೇರೆ ಯಾರನ್ನೋ, ರೋಶ್‌ಫೋರ್‌ನಿಂದ ಹೊರಟಿದ್ದ ಇನ್ನೊಂದು ಫ್ರೆಂಚ್ ಪಡೆಯನ್ನು, ಹುಡುಕುತ್ತಿದ್ದ. ಸಿಕ್ಕಿದ್ದು ಇವು. ನವೆಂಬರ್ 4ರಂದು ಸ್ಪೇನಿನ ಒರ್ತೆಗಾಲ್ ಭೂಶಿರದಾಚೆ ನಾಲ್ಕನ್ನೂ ಹಿಡಿದ. ದುಗೆ-ತ್ರುವಾಂನ ಕ್ಯಾಪ್ಟನ್ ಕ್ಲೋದ್ ತುಫೆ ಸತ್ತ. ಕೂವೆಮರಗಳು ಮುರಿದಿದ್ದ ಹಡಗುಗಳನ್ನು ಪ್ಲಿಮತ್ ಬಂದರಿಗೆ ತಂದರು.

ಯಾವ ಕಾಗದ ನೋಡಬೇಕು? ಮೊದಲು 'ಲಂಡನ್ ಗೆಜೆಟ್'. ಗೆದ್ದ ಅಧಿಕಾರಿಯ ಪತ್ರ ಅಲ್ಲಿ ಅಚ್ಚಾಗುತ್ತಿತ್ತು. ಹಳೆಯ ಸಂಚಿಕೆಗಳು ಇಂಟರ್ನೆಟ್‌ನಲ್ಲಿ ಕಾಸಿಲ್ಲದೆ ಸಿಗುತ್ತವೆ. ಗೆದ್ದವನ ಪತ್ರ ಗೆದ್ದವನ ಪತ್ರವೇ, ಅದನ್ನು ಉಪ್ಪು ಖಾರ ನೋಡಿಕೊಂಡೇ ಓದಿ. ಆಮೇಲೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹ. ಅಲ್ಲಿ ಕಡತಗಳ ಸರಣಿಗಳಿಗೆ ಎಡಿಎಂ, ಎಚ್‌ಸಿಎ ಎಂಬಂಥ ಗುರುತುಗಳಿವೆ. ಎಡಿಎಂ 51 ಅಂದರೆ ಕ್ಯಾಪ್ಟನ್‌ಗಳ ಲಾಗ್‌ಬುಕ್, ಎಡಿಎಂ 52 ಅಂದರೆ ಹಡಗಿನ ದಾರಿ ನೋಡಿಕೊಳ್ಳುವ ಮಾಸ್ಟರ್‌ಗಳ ಲಾಗ್‌ಬುಕ್. ಹಿಡಿದ ಹಡಗಿನದಲ್ಲ, ಹಿಡಿದವರ ಲಾಗ್‌ಬುಕ್ ಕೇಳಬೇಕು ಎಂಬುದು ನೆನಪಿರಲಿ. ಇಲ್ಲಿ ಸ್ಟ್ರಾಚನ್‌ನ 'ಸೀಸರ್', ಅದರ ಜೊತೆಗಿದ್ದ 'ಹೀರೋ', 'ನಮೂರ್', 'ಕರೇಜ್ಯೂ' ಮತ್ತು ಫ್ರಿಗೇಟ್ ಎಂಬ ಚಿಕ್ಕ, ವೇಗದ ಯುದ್ಧನೌಕೆಗಳದು.

ಲಾಗ್‌ಬುಕ್‌ನ ಪುಟ ನಮ್ಮ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಎಡಕ್ಕೆ ಗಂಟೆ, ಪಕ್ಕದಲ್ಲಿ ವೇಗ, ದಿಕ್ಕು, ಗಾಳಿ. ಬಲಕ್ಕೆ ಉಳಿದ ಜಾಗದಲ್ಲಿ ನಡೆದದ್ದು. ಯುದ್ಧವಾದರೂ ನಾಲ್ಕೈದು ಸಾಲು, ಬೀಫ್ ಪೀಪಾಯಿ ಒಡೆದು ತೂಕ ಕಮ್ಮಿ ಬಂದರೂ ಒಂದು ಸಾಲು.

ತಾರೀಖಿನ ಎರಡನೇ ತೊಡಕು ಈ ಪುಸ್ತಕಗಳಲ್ಲಿದೆ. ಸಮುದ್ರದ ದಿನ ಮಧ್ಯರಾತ್ರಿಗೆ ಅಲ್ಲ, ಮಧ್ಯಾಹ್ನಕ್ಕೆ ಶುರುವಾಗುತ್ತಿತ್ತು, ಅದೂ ನೆಲದ ದಿನಕ್ಕಿಂತ ಹನ್ನೆರಡು ಗಂಟೆ ಮುಂಚೆ. ಅಂದರೆ ಟ್ರಫಾಲ್ಗರ್‌ನಲ್ಲಿ 21ರ ಮಧ್ಯಾಹ್ನದ ನಂತರ ನಡೆದದ್ದು ಸಮುದ್ರದ ಲೆಕ್ಕದಲ್ಲಿ 22ನೇ ತಾರೀಖು. ಪಂಚಾಂಗದಲ್ಲಿ ಸೂರ್ಯೋದಯಕ್ಕೆ ದಿನ ಬದಲಾಗುವುದನ್ನು ನೋಡಿದ ನಮಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಬೇಕಿಲ್ಲ, ಅಲ್ವಾ? 1805ರ ಅಕ್ಟೋಬರ್‌ನಲ್ಲೇ ಬ್ರಿಟಿಷ್ ನೌಕಾಡಳಿತ ಈ ಪದ್ಧತಿ ಬಿಡಲು ಆದೇಶ ಹೊರಡಿಸಿತು. ಆದೇಶ ಸಮುದ್ರದಲ್ಲಿದ್ದ ಹಡಗಿಗೆ ತಲುಪಬೇಕಲ್ಲ! ಆ ತಿಂಗಳುಗಳ ಪುಸ್ತಕದಲ್ಲಿ ಒಂದು ದಿನದ ವ್ಯತ್ಯಾಸ ಕಂಡರೆ ಗಾಬರಿ ಬೀಳದೆ, ಯಾವ ಲೆಕ್ಕ ನಡೆಯುತ್ತಿದೆ ಎಂದು ಮೊದಲು ನೋಡಿ.

ಇನ್ನೊಂದು ಮಾತು. ಸ್ಟ್ರಾಚನ್‌ನ ಫ್ರಿಗೇಟ್‌ಗಳಲ್ಲಿ 'ಸಾಂತಾ ಮಾರ್ಗರಿತಾ' ಹಿಂದೆ ಸ್ಪೇನಿನಿಂದ ಹಿಡಿದದ್ದು, 'ರೆವಲ್ಯೂಷನೇರ್' ಫ್ರಾನ್ಸಿನಿಂದ ಹಿಡಿದದ್ದು. ಸೆರೆಯಾದವೇ ಸೆರೆ ಹಿಡಿಯಲು ಬಂದಿದ್ದವು. 'ಕರೇಜ್ಯೂ' ಫ್ರೆಂಚ್ ಹೆಸರಾದರೂ ಇಂಗ್ಲೆಂಡಿನಲ್ಲೇ ಕಟ್ಟಿದ್ದು, ಹಿಂದೆ ಸೆರೆಯಾದ ಒಂದು ಹಡಗಿನ ನೆನಪಿಗೆ ಇಟ್ಟ ಹೆಸರು. ಹೆಸರು ನೋಡಿ ಕುಲ ಹೇಳಬೇಡಿ.

ಹೆಜ್ಜೆ 5: ಕೋರ್ಟು, ಅಳತೆ, ಫಿರಂಗಿ

ಹಿಡಿದ ತಕ್ಷಣ ಹಡಗು ರಾಜನದಾಗುತ್ತಿರಲಿಲ್ಲ. ನೌಕಾ ನ್ಯಾಯಾಲಯ ಅದನ್ನು ಸರಿಯಾದ ಸೆರೆ ಎಂದು ತೀರ್ಪು ಕೊಡಬೇಕು. ಆಮೇಲೆ ಬೆಲೆ ಕಟ್ಟಿ ನೌಕಾಪಡೆ ಕೊಳ್ಳಬೇಕು. ಆ ದುಡ್ಡನ್ನು ಎಂಟು ಪಾಲು ಮಾಡಿ ಹಂಚುತ್ತಿದ್ದರು. 1808ರವರೆಗಿನ ಪದ್ಧತಿಯಲ್ಲಿ ಕ್ಯಾಪ್ಟನ್‌ಗೆ ಮೂರು ಪಾಲು, ಮೇಲೆ ಅಡ್ಮಿರಲ್ ಇದ್ದರೆ ಅದರಲ್ಲೇ ಒಂದು ಅವನಿಗೆ. ಹಡಗಿನ ನೂರಾರು ಸಾಮಾನ್ಯ ನಾವಿಕರೆಲ್ಲ ಸೇರಿ ಎರಡು ಪಾಲು. ದುಡ್ಡಿನ ವಿಷಯವಾದ್ದರಿಂದ ಕಾಗದ ಚೆನ್ನಾಗಿ ಉಳಿದಿದೆ. ಕ್ಯೂ ಸಂಗ್ರಹದಲ್ಲಿ ಎಚ್‌ಸಿಎ 32 ನೋಡಿ.

ಆಮೇಲೆ ಅಳತೆ. ಇಲ್ಲಿ ಹೊಸಬರು ಎಡವುತ್ತಾರೆ. ಸಾನೆ ಎಂಬ ಇಂಜಿನಿಯರ್ ಮಾಡಿದ ಒಂದೇ ನಕ್ಷೆಯಲ್ಲಿ ಫ್ರೆಂಚರು 74 ಫಿರಂಗಿಯ ಹಡಗುಗಳನ್ನು ಸಾಲು ಸಾಲಾಗಿ ಕಟ್ಟಿದರು. ನಕ್ಷೆಯ ಪ್ರಕಾರ ಉದ್ದ 172 ಅಡಿ. ಅದು ಫ್ರೆಂಚ್ ಅಡಿ, 32.48 ಸೆಂ.ಮೀ. ಇಂಗ್ಲಿಷ್ ಅಡಿ 30.48. ಲೆಕ್ಕ ಹಾಕಿದರೆ 183 ಇಂಗ್ಲಿಷ್ ಅಡಿ. ಸೆರೆಯಾದ ಮೇಲೆ ಹಡಗು ಬೆಳೆಯಿತೇ ಎಂದು ತಲೆ ಕೆಡಿಸಿಕೊಳ್ಳಬೇಡಿ, ಬದಲಾದದ್ದು ಅಳೆಯುವ ಕೋಲು.

ಫಿರಂಗಿಯ ಲೆಕ್ಕವೂ ಹಾಗೇ. ಈ ಮಾದರಿಯ ಹಡಗಿನ ಕೆಳ ಅಂತಸ್ತಿನಲ್ಲಿ 36 ಪೌಂಡಿನ ಗುಂಡು ಹಾರಿಸುವ ಫಿರಂಗಿ 28, ಮೇಲಿನದರಲ್ಲಿ 18 ಪೌಂಡಿನ 30, ತೆರೆದ ಅಟ್ಟಣೆಯಲ್ಲಿ 8 ಪೌಂಡಿನ 16. ಒಟ್ಟು 74. ಆದರೆ ಫ್ರೆಂಚ್ ಪೌಂಡ್ ಭಾರ. ಅವರ 36ರ ಗುಂಡು ಸುಮಾರು 17.6 ಕೆ.ಜಿ. ಅದನ್ನು ಕೈಯಲ್ಲಿ ಎತ್ತಿ ಫಿರಂಗಿಯ ಬಾಯಿಗೆ ಇಡಬೇಕಿತ್ತು, ಅಲ್ಲಾಡುವ ಹಲಗೆಯ ಮೇಲೆ ನಿಂತು. ಬ್ರಿಟಿಷ್ ಉಗ್ರಾಣದಲ್ಲಿ ಆ ಅಳತೆಯ ಗುಂಡು ಇರುತ್ತಿರಲಿಲ್ಲ. ಹಾಗಾಗಿ ಕೆಳ ಅಂತಸ್ತಿಗೆ ತಮ್ಮ 32 ಪೌಂಡಿನ ಫಿರಂಗಿ ಹಾಕಿಕೊಂಡರು. ಅದರ ಗುಂಡು ಹದಿನಾಲ್ಕೂವರೆ ಕೆ.ಜಿ.

ಮರು ಅಳತೆ, ರಿಪೇರಿ, ಖರ್ಚು ಎಲ್ಲ ಎಡಿಎಂ 180ರ ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತದೆ. ಇಂಥ ಒಣ ಪುಸ್ತಕವೇ ನನಗೆ ಅಡ್ಮಿರಲ್‌ಗಳ ಪತ್ರಕ್ಕಿಂತ ಇಷ್ಟ. ಅದಕ್ಕೆ ಯಾರನ್ನೂ ಹೊಗಳುವ ಕೆಲಸವಿಲ್ಲ.

ಹೆಜ್ಜೆ 6: ಒಟ್ಟಿಗೆ ಸಿಕ್ಕವರ ಗತಿ ಏನಾಯಿತು?

ಇದು ಸಣ್ಣ ಹೆಜ್ಜೆ, ಆದರೆ ಬಿಡಬೇಡಿ. ಅಂದು ಸಿಕ್ಕ ನಾಲ್ಕರಲ್ಲಿ 'ಫಾರ್ಮಿಡಾಬ್ಲ್' ಹೆಸರು 'ಬ್ರೇವ್' ಆಯಿತು, ಮತ್ತೆ ಸಮುದ್ರಕ್ಕೆ ಹೋಗದೆ ಕೈದಿಗಳನ್ನು ತುಂಬುವ ಹಡಗಾಯಿತು. 'ಮಾಂಬ್ಲಾಂ' ಕೂಡ ಬಂದರಿನಲ್ಲೇ ಕೊಳೆಯಿತು. 'ಸಿಪಿಯೋ' ಹೆಸರು ಬದಲಾಗದೆ 1811ರ ಜಾವಾ ದಂಡಯಾತ್ರೆಗೆ ಹೋಯಿತು. ದುಗೆ-ತ್ರುವಾಂ 'ಇಂಪ್ಲಾಕೆಬಲ್' ಆಯಿತು, ಅಂದರೆ ಯಾವುದಕ್ಕೂ ಮಣಿಯದವನು. ಮಣಿದ ಹಡಗಿಗೆ ಈ ಹೆಸರು!

ಹೆಜ್ಜೆ 7: ಎರಡನೇ ಮನೆಯ ಸಂಸಾರ

ಇನ್ನು ಮುಂದೆ ಹಡಗಿನದೇ ಲಾಗ್‌ಬುಕ್ ಸಿಗುತ್ತದೆ. ಜೊತೆಗೆ ಎಡಿಎಂ 36, 37ರ ಮಸ್ಟರ್ ಪುಸ್ತಕಗಳು. ನಮ್ಮ ರಸ್ತೆ ಕೆಲಸದ ಮಸ್ಟರ್ ರೋಲ್ ಇದ್ದ ಹಾಗೆ, ಯಾರು ಬಂದರು, ಯಾರು ಓಡಿಹೋದರು, ಯಾರು ಸತ್ತರು ಎಂಬ ಪಟ್ಟಿ.

ಇಂಪ್ಲಾಕೆಬಲ್‌ನ ದೊಡ್ಡ ದಿನ 1808ರ ಆಗಸ್ಟ್ 26. ಬಾಲ್ಟಿಕ್ ಸಮುದ್ರದಲ್ಲಿ ಕ್ಯಾಪ್ಟನ್ ಥಾಮಸ್ ಬೈಯಮ್ ಮಾರ್ಟಿನ್ ಕೈಯಲ್ಲಿ ಇದು 'ವ್ಸೆವೊಲೊದ್' ಎಂಬ ರಷ್ಯನ್ ಹಡಗನ್ನು ಹಣ್ಣುಗಾಯಿ ಮಾಡಿತು. ಇನ್ನೊಂದು ಬ್ರಿಟಿಷ್ ಹಡಗು 'ಸೆಂಟಾರ್' ಬಂದು ಕೆಲಸ ಮುಗಿಸಿತು. ನೆಲಕ್ಕೆ ಸಿಕ್ಕಿಕೊಂಡಿದ್ದ ರಷ್ಯನ್ ಹಡಗನ್ನು ಸುಟ್ಟರು. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸುಲಭ ದಾರಿ ಇದೆ, ಪದಕ. 1840ರ ದಶಕದ ಕೊನೆಯಲ್ಲಿ ಬ್ರಿಟನ್ ಹಳೆಯ ನಾವಿಕರಿಗೆ ಕೊಟ್ಟ ಪದಕಕ್ಕೆ ಈ ಹಡಗಿನ ಹೆಸರು, ಈ ತಾರೀಖು ಕೆತ್ತಿದ ಲೋಹದ ಪಟ್ಟಿಯೇ ಉಂಟು. ಬದುಕಿದ್ದು ಅರ್ಜಿ ಹಾಕಿದವರಿಗೆ ಮಾತ್ರ ಸಿಕ್ಕಿತು ಅನ್ನುವುದು ಬೇರೆ ಮಾತು.

1840ರಲ್ಲಿ ಸಿರಿಯಾ ಕರಾವಳಿಯ ಯುದ್ಧಕ್ಕೂ ಹೋಗಿಬಂತು. ಆಗ ಅದಕ್ಕೆ ನಲವತ್ತು ವರ್ಷ. ನಡುವೆ ವರ್ಷಗಟ್ಟಲೆ ಏನೂ ಇಲ್ಲ. ಬಂದರಿನಲ್ಲಿ ಸುಮ್ಮನೆ ನಿಂತಿದ್ದ ಕಾಲ ಅದು. ಆ ಖಾಲಿ ವರ್ಷಗಳನ್ನು ಖಾಲಿ ಎಂದೇ ಬರೆಯಿರಿ. ತುಂಬಿಸಲು ಹೋದಾಗಲೇ ಬೇರೆ ಹಡಗಿನ ಕಥೆ ಒಳಗೆ ನುಸುಳುವುದು.

ಹೆಜ್ಜೆ 8: ಮುಪ್ಪು, ಮತ್ತೆ ಹೆಸರು

1855ರಿಂದ ಇದು ಡೆವನ್‌ಪೋರ್ಟ್‌ನಲ್ಲಿ ಹುಡುಗರಿಗೆ ತರಬೇತಿ ಕೊಡುವ ಹಡಗು. 1912ರಲ್ಲಿ ವೀಟ್ಲಿ ಕಾಬ್ ಎಂಬ ಹಡಗುಪ್ರೇಮಿ ಇದನ್ನು ನೋಡಿಕೊಳ್ಳಲು ತೆಗೆದುಕೊಂಡ. ಈ ಕಾಲಕ್ಕೆ ಹುಡುಕುವಾಗ ಇಂಪ್ಲಾಕೆಬಲ್ ಎಂದರೆ 1899ರಲ್ಲಿ ನೀರಿಗಿಳಿದ ಉಕ್ಕಿನ ಯುದ್ಧನೌಕೆಯೂ ಸಿಗುತ್ತದೆ, 1942ರ ವಿಮಾನವಾಹಕವೂ ಸಿಗುತ್ತದೆ. ಜರಡಿ ಹಿಡಿಯಿರಿ.

ಎಲ್ಲಕ್ಕಿಂತ ಗೋಜಲು 'ಫೂದ್ರೊಯಾಂ'. ಬ್ರಿಟಿಷರಿಗೆ ಈ ಹೆಸರು ಬಂದದ್ದೇ 1758ರಲ್ಲಿ ಹಿಡಿದ ಒಂದು ಫ್ರೆಂಚ್ ಹಡಗಿನಿಂದ. ಆಮೇಲೆ 1798ರ ಹೊಸ ಹಡಗಿಗೆ ಇಟ್ಟರು, ಪ್ರಸಿದ್ಧ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಅದರಲ್ಲಿದ್ದ. ಅದನ್ನು ಇದೇ ಕಾಬ್ ಕೊಂಡ, 1897ರಲ್ಲಿ ಅದು ಬ್ಲ್ಯಾಕ್‌ಪೂಲ್ ಬಳಿ ಒಡೆದುಹೋಯಿತು. ಆ ಹೆಸರನ್ನು ಅವನು 'ಟ್ರಿಂಕೊಮಲಿ' ಎಂಬ ಫ್ರಿಗೇಟಿಗೆ ಇಟ್ಟ. 1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿದ ಹಡಗು ಅದು. 1943ರಲ್ಲಿ ಇಂಪ್ಲಾಕೆಬಲ್ ಕೂಡ ಅದೇ ಹೆಸರಿನ ಕೆಳಗೆ ಬಂತು. ಒಂದು ಹೆಸರು, ಪಕ್ಕಪಕ್ಕ ಎರಡು ಹಡಗು. ಆ ವರ್ಷಗಳ ಫೋಟೊ ಸಿಕ್ಕರೆ ಕೆಳಗಿನ ಬರಹ ನಂಬದೆ ಹಡಗಿನ ಒಡಲು ನೋಡಿ. 74 ಫಿರಂಗಿಯದಕ್ಕೆ ಪಕ್ಕದಲ್ಲಿ ಎರಡು ಸಾಲು ಪೂರ್ತಿ ಕಿಂಡಿಗಳು, ಫ್ರಿಗೇಟ್‌ಗೆ ಒಂದೇ ಪೂರ್ತಿ ಸಾಲು.

ಹೆಜ್ಜೆ 9: ಕೊನೆಯ ಸಾಲು

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಕೈಯಲ್ಲಿ ದುಡ್ಡಿರಲಿಲ್ಲ. ಫ್ರಾನ್ಸಿಗೆ ಬೇಕಾ ಎಂದು ಕೇಳಿದರು, ಅವರೂ ಬೇಡ ಅಂದರು. 1949ರ ಡಿಸೆಂಬರ್ 2ರಂದು ಇಂಗ್ಲಿಷ್ ಕಾಲುವೆಗೆ ಎಳೆದುಕೊಂಡು ಹೋಗಿ, ಬ್ರಿಟಿಷ್ ಬಾವುಟ, ಫ್ರೆಂಚ್ ಬಾವುಟ ಎರಡನ್ನೂ ಹಾರಿಸಿ, ತಳಕ್ಕೆ ಸಿಡಿಮದ್ದು ಇಟ್ಟು ಸಿಡಿಸಿದರು. 149 ವರ್ಷದ ಮರ ತಕ್ಷಣ ಮುಳುಗಲಿಲ್ಲ.

ಹಡಗಿನ ಜಾತಕದ ಕೊನೆಗೆ ಉಳಿದ ತುಂಡುಗಳ ವಿಳಾಸವನ್ನೂ ಬರೆಯಿರಿ. ಇದರ ಹಿಂಬದಿಯ ಕೆತ್ತನೆ, ಮೂತಿಯ ಬೊಂಬೆ ಲಂಡನ್ನಿನ ಗ್ರಿನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ತುಫೆಯ ಕ್ಯಾಬಿನ್ನಿಗೆ, ಆಮೇಲೆ ಮಾರ್ಟಿನ್‌ನ ಕ್ಯಾಬಿನ್ನಿಗೆ ಬೆಳಕು ಬಿಡುತ್ತಿದ್ದ ಹಿಂಬದಿ ಕಿಟಕಿಗಳ ಸಾಲು ಅಲ್ಲಿ ಗೋಡೆಯೆತ್ತರಕ್ಕೆ ನಿಂತಿದೆ.